ಟೆಲಿಫೋನ್ ಅಕ್ಕನ ಕಾರು

ಅವರ ಅಂಗೈ ಹಿಮ್ಮಡಿಯಂತಿತ್ತು. ಮಣಿಕಟ್ಟಿನ ಹತ್ತಿರ, ಅಂಗೈ ಮುಗಿಯುವ ಕಡೆ, ಚರ್ಮ ದಪ್ಪಗಟ್ಟಿ ಹಳದಿಗೆ ತಿರುಗಿತ್ತು; ಚಳಿಗಾಲದಲ್ಲಿ ಸಣ್ಣಗೆ ಬಿರುಕು ಬಿಡುತ್ತಿತ್ತು. ಶೇಂಗಾ ಚಟ್ನಿಯ ಡಬ್ಬಿ ಕೊಡುವಾಗ ಆ ಕೈ ನನ್ನ ಕೈಗೆ ತಾಗಿದರೆ ಒಂದು ಕ್ಷಣ ಗಲಿಬಿಲಿಯಾಗುತ್ತಿತ್ತು. ಏಕೆಂದರೆ ಅವರ ದನಿ ಅಷ್ಟು ಮೃದು. ಠಾಣೆಯ ಒಂದು ಸರ್ಕಾರಿ ಕಚೇರಿಯಲ್ಲಿ ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ದಿನವಿಡೀ ಸ್ವಿಚ್‌ಬೋರ್ಡಿನ ಮುಂದೆ ಕೂತು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಊರವರ ಸಿಟ್ಟನ್ನೆಲ್ಲ ಸಮಾಧಾನ ಮಾಡಿ ಸಾಹೇಬರಿಗೆ ಜೋಡಿಸುವುದು ಅವರ ಕೆಲಸ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಎಲ್ಲರಿಗೂ ಅವರು ಟೆಲಿಫೋನ್ ಅಕ್ಕ.

ನಾವು ಉಡುಪಿ ಕಡೆಯವರು, ಅವರು ಗದಗಿನ ಕಡೆಯವರು. ನೆಲಮಹಡಿಯ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಮನೆಯಲ್ಲಿ ಅವರು ಮತ್ತು ಅವರ ತಾಯಿ ಇಬ್ಬರೇ. ನಾನು ಆಗ ಎಂ.ಎ. ಮುಗಿಸಿ ಕಾಲೇಜಿನ ಕೆಲಸಕ್ಕೆ ಕಾಯುತ್ತಿದ್ದೆ. ಎಂಬತ್ತರ ದಶಕದ ನಡುವಿನ ವರ್ಷಗಳು. ಆ ಕಾಲದ ದಿನಚರಿ ಈಗಲೂ ನನ್ನ ಬಳಿ ಇದೆ, ಆದರೆ ಅದನ್ನು ನಂಬುವುದೋ ನೆನಪನ್ನು ನಂಬುವುದೋ ತಿಳಿಯದು. ಮುಖ್ಯವಾದ ಒಂದು ದಿನ ಮಳೆಯಿತ್ತು ಎಂದು ದಿನಚರಿ ಹೇಳುತ್ತದೆ. ನನ್ನ ನೆನಪಿನಲ್ಲಿ ಅಂದು ಬಿಸಿಲು.

ಅಕ್ಕನಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು. ಎಡಗಾಲಿಗೆ ತೊಡೆಯವರೆಗೆ ಕಬ್ಬಿಣದ ಪಟ್ಟಿ. ಬಲಗಾಲಿನಲ್ಲಿ ಅರ್ಧ ಜೀವ. ಆದರೂ ಕೋಲು ಹಿಡಿದವರಲ್ಲ. ಗಂಜಿ ಹಾಕಿದ ಸೀರೆಯ ನಿರಿಗೆ ನೆಲ ಮುಟ್ಟುವಂತೆ ಉಟ್ಟು, ಜೊತೆಗಿದ್ದವರ ಭುಜಕ್ಕೆ ಕೈ ಹಾಕಿ, ಏನಾದರೊಂದು ಕಥೆ ಶುರು ಮಾಡಿ ನಡೆಯುತ್ತಿದ್ದರು. ನೋಡಿದವರಿಗೆ ಗೆಳತಿಯರಿಬ್ಬರು ಹರಟುತ್ತ ಹೊರಟಂತೆ. ನನ್ನ ಭುಜದ ಮೇಲೆ ಬಿದ್ದ ಭಾರ ನನಗೊಬ್ಬಳಿಗೆ ಗೊತ್ತು. ಹೊಸ ಜಾಗಕ್ಕೆ ಹೋಗುವ ಮಾತು ಬಂದರೆ ಅವರು ಕೇಳುತ್ತಿದ್ದದ್ದು ಒಂದೇ: “ಅಲ್ಲಿ ಮೆಟ್ಟಲಾ ಅದಾವೇನ?”

ಆ ನಡಿಗೆ ತಾಯಿ ಕಲಿಸಿದ್ದು. ಮಗಳ ಮದುವೆಯ ವಯಸ್ಸು ದಾಟಿದ ಮೇಲೂ ತಾಯಿ ಕಲಿಸುವುದನ್ನು ಬಿಟ್ಟಿರಲಿಲ್ಲ. ಸಂಜೆ ಅಕ್ಕ ಮನೆ ಸೇರಿದೊಡನೆ ಅವರು ಬಾಗಿಲು ಮುಚ್ಚಿ ಚಿಲಕ ಹಾಕುತ್ತಿದ್ದರು. ಆಮೇಲೆ ಗೋಡೆಯಾಚೆಯಿಂದ ಗಾಜಿನ ಬಳೆ ನೆಲಕ್ಕೆ ತಾಗುವ ಸದ್ದು ಬರುತ್ತಿತ್ತು: ತಾಗಿ, ಎಳೆದು, ಮತ್ತೆ ತಾಗಿ. ಕಚೇರಿಯಿಂದ ದಣಿದು ಬಂದರೂ ದಿನಾ ನೆಲ ಒರೆಸುತ್ತಾಳೆ ನೋಡು ಎಂದು ನನ್ನ ತಾಯಿ ಆ ಸದ್ದನ್ನು ತೋರಿಸಿ ನನ್ನನ್ನು ಬೈಯುತ್ತಿದ್ದರು.

ಅಕ್ಕನಿಗೆ ತಮ್ಮ ಕೆಲಸದ ಬಗ್ಗೆ ಒಂದು ನೇಮವಿತ್ತು. ಅವರ ಜೊತೆಯ ಆಪರೇಟರ್ ಒಬ್ಬಳು ಊರಿಂದ ಬಂದ ‘ತಂದೆಗೆ ಕಾಯಿಲೆ ಜೋರಾಗಿದೆ’ ಎಂಬ ಸುದ್ದಿಯನ್ನು ಗುಮಾಸ್ತನಿಗೆ ತಲುಪಿಸುವಾಗ ಕನಿಕರದಿಂದ ‘ಹೋಗಿಬಿಟ್ಟರಂತೆ’ ಎಂದುಬಿಟ್ಟಳಂತೆ. ಆತ ರೈಲಿನುದ್ದಕ್ಕೂ ಅತ್ತು ಊರು ಮುಟ್ಟಿದರೆ ತಂದೆ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು, ಜೊತೆಗೆ ಇವನಿಗೆ ರಜಾ ಹೇಗೆ ಸಿಕ್ಕಿತು ಎಂಬ ಪ್ರಶ್ನೆ. ಈ ಕಥೆ ಹೇಳಿ ಅಕ್ಕ ಪ್ರತಿ ಸಲವೂ ಕೊನೆಗೆ ಹೇಳುತ್ತಿದ್ದರು: “ಕೇಳಿದ್ದಷ್ಟ ಹೇಳು ತಂಗಿ. ಕೂಡಿಸಬ್ಯಾಡ.”

ಅವರ ಕಚೇರಿ ಬೇಲಾಪುರಕ್ಕೆ ಹೋಗುತ್ತದೆಂಬ ಸುದ್ದಿ ಬಂದಾಗ ಮೊದಲು ಯಾರೂ ನಂಬಲಿಲ್ಲ. ಆಮೇಲೆ ಸುತ್ತೋಲೆ ಬಂತು. ದೀಪಾವಳಿ ಮುಗಿದ ಮೇಲೆ ಕಚೇರಿ ಅಲ್ಲಿ. ಸ್ವಿಚ್‌ಬೋರ್ಡು ಹೋದಲ್ಲಿಗೆ ಆಪರೇಟರ್ ಹೋಗಬೇಕು. ಆಗ ಬೇಲಾಪುರಕ್ಕೆ ರೈಲಿರಲಿಲ್ಲ. ಡೊಂಬಿವಲಿಯಿಂದ ಠಾಣೆಗೆ ಅಕ್ಕ ಒಂದು ಉಪಾಯ ಕಂಡುಕೊಂಡಿದ್ದರು: ನೂಕುನುಗ್ಗಲು ತಪ್ಪಿಸಲು ಉಲ್ಟಾ ಗಾಡಿ ಹಿಡಿದು ಕಲ್ಯಾಣಕ್ಕೆ ಹೋಗಿ, ಅದೇ ಡಬ್ಬಿಯಲ್ಲಿ ಕೂತಲ್ಲೇ ಕೂತು ತಿರುಗಿ ಬರುವುದು. ಬಸ್ಸಿಗೆ ಅಂಥ ಉಪಾಯವಿಲ್ಲ. ಒಂದು ಶನಿವಾರ ಪರೀಕ್ಷೆಗೆಂದು ಇಬ್ಬರೂ ಠಾಣೆಯಿಂದ ಬೇಲಾಪುರದ ಬಸ್ಸು ಹತ್ತಿದೆವು. ಹತ್ತಿದ್ದು ನಾನು. ಅಕ್ಕನನ್ನು ಕಂಡಕ್ಟರ್ ಕಂಕುಳಿಗೆ ಕೈ ಹಾಕಿ ಅಕ್ಕಿಯ ಮೂಟೆಯಂತೆ ಎತ್ತಿ ಒಳಗಿಟ್ಟ. ಒಳ್ಳೆಯ ಮನುಷ್ಯನೇ. ಅಕ್ಕ ಅವನಿಗೆ ಧನ್ಯವಾದ ಹೇಳಿದರು. ಕಾರ್ಖಾನೆಗಳ ವಾಸನೆಯ ಆ ರಸ್ತೆಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಮನೆ ಹತ್ತಿರ ಬಂದಾಗ, “ದಿನಾ ಹಿಂಗ ಎತ್ತಿಸ್ಕೊಂಡ ನೌಕರಿ ಮಾಡೂದು ನನ್ನ ಕೈಲೆ ಆಗೂದಿಲ್ಲ ತಂಗಿ” ಎಂದರು. ಆ ಮನೆಗೆ ಬರುತ್ತಿದ್ದದ್ದು ಅವರೊಬ್ಬರ ಸಂಬಳ.

ಅಂಗವಿಕಲ ನೌಕರರಿಗೆ ಸುಂಕದ ರಿಯಾಯಿತಿಯಲ್ಲಿ, ವರ್ಷಗಟ್ಟಲೆ ಸರದಿ ಕಾಯದೆ, ಕೈಯಿಂದ ಓಡಿಸಲು ಬರುವಂಥ ಸಣ್ಣ ಕಾರು ಸಿಗುವ ಒಂದು ಯೋಜನೆ ಇದೆಯೆಂದು ತಿಳಿದದ್ದು ಆಗ. ಕಚೇರಿಯ ಸಾಲವೂ ಸಿಗುತ್ತಿತ್ತು. ಬೇಕಾದದ್ದು ಎರಡು: ಅಂಗವಿಕಲತೆ ಸಾಕಷ್ಟಿದೆ ಎಂದು ಆಸ್ಪತ್ರೆಯ ವೈದ್ಯರ ಮಂಡಳಿಯ ಪ್ರಮಾಣಪತ್ರ, ಮತ್ತು ಅಂಥ ಕಾರು ಓಡಿಸಲು ಲೈಸೆನ್ಸು. ಎರಡನೆಯದೇ ಕಷ್ಟವೆಂದು ನಾವು ಎಣಿಸಿದ್ದೆವು.

ಅಕ್ಕನ ತಾಯಿಗೆ ಮೊದಲನೆಯದೇ ಬೇಡ. “ಇಷ್ಟ ವರ್ಷ ಮುಚ್ಚಿಕೊಂಡ ಬಂದದ್ದಕ್ಕ ಸರಕಾರದ ಶಿಕ್ಕಾ ಹೊಡಿಸ್ಕೊಂಡ ಬರತೀಯೇನ? ಆಮ್ಯಾಲೆ ಯಾರ ಕೇಳತಾರ ನಿನ್ನ?” ಎಂದರು. ಯಾರೂ ಕೇಳದೆ ಬಹಳ ವರ್ಷವಾಗಿತ್ತು. ಅಕ್ಕ ಆ ಮಾತನ್ನು ಆಡಲಿಲ್ಲ. ಬಳೆ ಸರಿಸಿಕೊಂಡು ಅರ್ಜಿಯ ಕಾಗದ ತುಂಬಿದರು.

ಮಂಡಳಿಯ ಮುಂದೆ ನಿಂತ ದಿನ ಅಕ್ಕ ಇಳಕಲ್ ಸೀರೆ ಉಟ್ಟಿದ್ದರು. ಹೆಸರು ಕೂಗಿದಾಗ ನನ್ನ ಭುಜಕ್ಕೆ ಕೈ ಬಂತು. ಏನೋ ಕಥೆ ಶುರುವಾಯಿತು, ನಾನೂ ನಕ್ಕೆನೆಂದು ಕಾಣುತ್ತದೆ, ಹಾಗೆ ನಗುತ್ತಲೇ ಒಳಗೆ ಹೋದೆವು. ಜೀವಮಾನದ ಅಭ್ಯಾಸ. ಭಯವಾದಷ್ಟೂ ಅವರು ಚೆನ್ನಾಗಿ ನಡೆಯುತ್ತಿದ್ದರು. ವೈದ್ಯರು ಮೊಣಕಾಲಿಗೆ ತಟ್ಟಿ, ಎರಡು ಪ್ರಶ್ನೆ ಕೇಳಿ, ಬರೆದು ಕೊಟ್ಟರು. ಯೋಜನೆಗೆ ಬೇಕಾದಷ್ಟು ಅಂಗವಿಕಲತೆ ಇಲ್ಲ.

ಆ ಸಂಜೆ ಅವರ ತಾಯಿ ಹಬ್ಬದ ಸಿಹಿ ಮಾದಲಿ ಮಾಡಿ ನಮ್ಮ ಮನೆಗೂ ತಂದು ಕೊಟ್ಟರು. “ಡಾಕ್ಟರ ಬರದಾನ, ನಮ್ಮ ಹುಡುಗೀಗೆ ಅಂಥಾದ್ದೇನಿಲ್ಲ ಅಂತ.” ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಕೂಡಿಸಿ ಹೇಳುತ್ತಿಲ್ಲ. ಅಕ್ಕನೂ ಮಾದಲಿ ತಿಂದರಂತೆ. ಆ ರಾತ್ರಿ ಬಳೆಯ ಸದ್ದು ಇರಲಿಲ್ಲ.

ಮೇಲ್ಮನವಿಗೆ ಅವಕಾಶವಿತ್ತು, ದಿನ ಸಿಗಲು ಕಾಯಬೇಕಿತ್ತು. ಕಾಯುವ ವೇಳೆಯಲ್ಲಿ ಲೈಸೆನ್ಸಾದರೂ ಆಗಲಿ ಎಂದುಕೊಂಡೆವು. ನನ್ನ ತಂದೆಗೆ ಪರಿಚಯದ ಹೋಟೆಲ್ ಮಾಲೀಕರೊಬ್ಬರು ಕಲ್ಯಾಣದಲ್ಲಿದ್ದರು. ಹಳಿ ದಾಟುವಾಗ ಒಂದು ಕಾಲು ಕಳೆದುಕೊಂಡವರು. ತಮ್ಮ ಹಳೆಯ ಕಾರಿಗೆ ಕಂಬಿ, ಹಿಡಿಕೆ ಜೋಡಿಸಿ ಕೈಯಲ್ಲೇ ಓಡಿಸುತ್ತಿದ್ದರು. ಭಾನುವಾರ ಬೆಳಗಿನ ಗಿರಾಕಿಗಳನ್ನು ತಮ್ಮನಿಗೆ ಒಪ್ಪಿಸಿ ಅವರು ನಮ್ಮನ್ನು ಕಳಂಬೋಲಿಗೆ ಕರೆದೊಯ್ಯುತ್ತಿದ್ದರು. ಕಬ್ಬಿಣದ ಪೇಟೆಗೆಂದು ಅಲ್ಲಿ ಲಾರಿಗಳಗಲದ ರಸ್ತೆ ಹಾಕಿದ್ದರು. ಭಾನುವಾರ ನಾಯಿಗಳನ್ನು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಹಿಡಿಕೆಗಳೆಲ್ಲ ಅವರ ಉದ್ದ ತೋಳಿನ ಅಳತೆಗೆ ಇದ್ದವು. ಅಕ್ಕ ಬೆನ್ನಿಗೆ ಎರಡು ದಿಂಬಿಟ್ಟುಕೊಂಡು ಮುಂದೆ ಬಾಗಿ ಕೂರುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು ಬಾಗಿಲ ಹಿಡಿ ಬಿಗಿಯಾಗಿ ಹಿಡಿದಿರುತ್ತಿದ್ದೆ.

“ಅದು ಬ್ರೇಕು ಮಾರಾಯ್ತಿ, ದೋಸೆ ಮಗುಚುವ ಸಟ್ಟುಗ ಅಲ್ಲ. ಮೆಲ್ಲ ಒತ್ತಿ” ಎನ್ನುತ್ತಿದ್ದರು ಮಾಲೀಕರು.

“ನಿಮ್ಮ ಹೋಟೆಲ್‌ನ್ಯಾಗ ದೋಸಿ ಹರದ ಬರೂದು ಯಾಕ ಅಂತ ಈಗ ತಿಳೀತು” ಎಂದು ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಿದ್ದರು.

ಬೇಗ ಕಲಿತರು. ಆ ಕೈಗಳಲ್ಲಿದ್ದ ಬಲ ನೋಡಿ ಮಾಲೀಕರೇ ಬೆರಗಾದರು. ಲೈಸೆನ್ಸಿನ ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ರಸ್ತೆಯನ್ನು ನೋಡದೆ ದಾರಿಯುದ್ದಕ್ಕೂ ಅಕ್ಕನ ಕಾಲನ್ನೇ ನೋಡುತ್ತಿದ್ದರಂತೆ. ಆದರೂ ಸಹಿ ಹಾಕಿದರು. ಇನ್ನೇನು ಅರ್ಧ ಗೆದ್ದೆವೆಂದು ನಾನು ಹಿಗ್ಗಿದೆ. ಅಕ್ಕ ಹಿಗ್ಗಲಿಲ್ಲ. ಕಚೇರಿಯ ಕಪಾಟುಗಳನ್ನು ಆಗಲೇ ಲಾರಿಗೆ ಏರಿಸುತ್ತಿದ್ದರು.

ಎರಡನೆಯ ಸಲ ಮಂಡಳಿಯ ಮುಂದೆ ಹೋದದ್ದು ದಿನಚರಿ ಮಳೆಯೆನ್ನುವ, ನೆನಪು ಬಿಸಿಲೆನ್ನುವ ದಿನ. ಈ ಸಲ ಹಿರಿಯ ವೈದ್ಯರೊಬ್ಬರಿದ್ದರು. ಅವರು ಕಾಗದಗಳನ್ನು ತಿರುವಿ, ಲೈಸೆನ್ಸನ್ನು ಎತ್ತಿ ಹಿಡಿದು, ಮರಾಠಿಯಲ್ಲಿ ಕೇಳಿದ್ದು ಇಷ್ಟು: ಗಾಡಿ ಓಡಿಸುತ್ತೀರಿ, ನೌಕರಿ ಮಾಡುತ್ತೀರಿ, ನಡೆದೇ ಒಳಗೆ ಬಂದಿರಿ, ಹಾಗಾದರೆ ತೊಂದರೆ ಏನು? ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ಇದು ತಪ್ಪಿದರೆ ಮುಂದೆ ಮನವಿ ಇರಲಿಲ್ಲ.

ಅಕ್ಕ ನನ್ನ ಭುಜದಿಂದ ಕೈ ತೆಗೆದರು. ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು, ಸೀರೆಯೊಳಗೆ ಕೈ ಹಾಕಿ ಕಬ್ಬಿಣದ ಪಟ್ಟಿಯ ಬಕಲುಗಳನ್ನು ಬಿಚ್ಚಿದರು. ಬೂಟಿನ ಸಮೇತ ಅದನ್ನು ನನ್ನ ಕೈಗೆ ಕೊಟ್ಟರು. ನಾನೆಣಿಸಿದ್ದಕ್ಕಿಂತ ಬಹಳ ಭಾರವಿತ್ತು. ಟೇಬಲ್ಲಿನ ತನಕ ಬರಲೇ ಎಂದು ವೈದ್ಯರನ್ನು ಕೇಳಿದರು. ಬನ್ನಿ ಎಂದರು ಅವರು. ಅಕ್ಕ ನನ್ನ ಕಡೆ ತಿರುಗಿದರು.

“ನೀ ಗೋಡಿ ಕಡೆ ನೋಡು.”

ನಾನು ಗೋಡೆಯ ಕಡೆ ತಿರುಗಿದೆ. ಸುಣ್ಣ ಉದುರಿದ ಗೋಡೆ. ಕಣ್ಣಿನ ಪರೀಕ್ಷೆಯ ಅಕ್ಷರಗಳ ಹಲಗೆ. ಬೆನ್ನ ಹಿಂದೆ ಏನೋ ಮೆತ್ತಗೆ ನೆಲಕ್ಕಿಳಿಯಿತು. ಆಮೇಲೆ ಬಳೆಯ ಸದ್ದು. ತಾಗಿ, ಎಳೆದು, ಮತ್ತೆ ತಾಗಿ.

ಆ ಸದ್ದು ನನಗೆ ಗೊತ್ತಿತ್ತು. ವರ್ಷಗಟ್ಟಲೆ ಸಂಜೆ ನಮ್ಮ ಗೋಡೆಯಾಚೆ ಕೇಳಿದ್ದೆ. ಆ ಮನೆಯಲ್ಲಿ ಯಾರೂ ನೆಲ ಒರೆಸುತ್ತಿರಲಿಲ್ಲ. ಪಟ್ಟಿ ಬಿಚ್ಚಿಟ್ಟ ಮೇಲೆ ಅಕ್ಕ ಮನೆಯೊಳಗೆ ಹಾಗೆಯೇ ಓಡಾಡುತ್ತಿದ್ದರು, ಕೈಯೂರಿ, ಮೈಯೆಳೆದು. ಅಂಗೈ ಹಿಮ್ಮಡಿಯಾದದ್ದು ಹಾಗೆ.

“ಪುರೇ, ಬಾಈ, ಪುರೇ. ಉಠಾ ಆತಾ,” ಸಾಕು, ಏಳಿ, ಎಂದರು ವೈದ್ಯರು. ಬಳೆಯ ಸದ್ದು ನಿಲ್ಲಲಿಲ್ಲ. ಟೇಬಲ್ಲಿನ ಮರಕ್ಕೆ ಕೈ ತಾಗಿದ ಸದ್ದಿನ ಮೇಲೆ ನಿಂತಿತು. ಅನಂತರ ಪೆನ್ನು ಕಾಗದದ ಮೇಲೆ ಓಡಿತು.

ಕಾರು ಬಂದದ್ದು ಕಚೇರಿ ಬೇಲಾಪುರಕ್ಕೆ ಹೋಗಿ ಅಕ್ಕನ ರಜೆಯೆಲ್ಲ ತೀರುತ್ತ ಬಂದಾಗ. ಹೋಟೆಲ್ ಮಾಲೀಕರು ಮುಂದೆ ನಿಂತು ಹಿಡಿಕೆಗಳನ್ನು ಅಕ್ಕನ ಗಿಡ್ಡ ತೋಳಿಗೆ ತಕ್ಕಂತೆ ಕತ್ತರಿಸಿ ಕೂರಿಸಿದರು, ದಿಂಬು ಬೇಕಾಗಲಿಲ್ಲ. ಮೊದಲ ದಿನ ನಾನು ಪಕ್ಕದಲ್ಲಿ, ತಾಯಿ ಹಿಂದೆ, ತಲೆ ತುಂಬ ಸೆರಗು ಹೊದ್ದು, ಹಿಂದಿನ ಗಾಜಿಗೆ ಅಂಟಿಸಿದ್ದ ಅಂಗವಿಕಲರ ಗುರುತು ಕಾಣದಂತೆ ಅದಕ್ಕೆ ಬೆನ್ನು ಒತ್ತಿಕೊಂಡು. ದಾರಿಯಲ್ಲಿ ಒಂದು ಲಾರಿ ಬೆನ್ನು ಹತ್ತಿ ಹಾರನ್ ಹೊಡೆದಾಗ ಅಕ್ಕ ಕಾರನ್ನು ಅಂಚಿಗೆ ತಂದು ಅದಕ್ಕೆ ದಾರಿ ಬಿಟ್ಟರು. ಬೇಲಾಪುರದಲ್ಲಿ ಹೊಸ ಕಟ್ಟಡದ ಮುಂದೆ ಕಾರು ನಿಂತಾಗ ತಾಯಿಯೇ ಕೇಳಿದರು: “ಇಲ್ಲಿ ಮೆಟ್ಟಲಾ ಅದಾವೇನ?”

ಇದ್ದವು. ಕಾರಿನ ಚಿಂತೆಯಲ್ಲಿ ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅಕ್ಕ ಕಾರಿನಿಂದ ಇಳಿದರು. ನನ್ನ ಭುಜಕ್ಕೆ ಕೈ ಹಾಕಿದರು. ಆ ದಿನ ಕಥೆ ಹೇಳಲಿಲ್ಲ. ಪ್ರತಿ ಮೆಟ್ಟಿಲಿಗೂ ನಿಂತು, ಕುಂಟಿಕೊಂಡೇ ಏರಿದರು. ತಾಯಿ ಬುತ್ತಿ ಹಿಡಿದು ಹಿಂದೆ ಬಂದರು.

ಆಮೇಲೆ ಅವರ ಮನೆಯ ಬಾಗಿಲು ಸಂಜೆ ತೆರೆದಿರುತ್ತಿತ್ತೇ? ತೆರೆದದ್ದನ್ನು ಕಂಡ ನೆನಪು ನನಗಿಲ್ಲ. ಬಳೆಯ ಸದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತಿತ್ತೆಂಬುದಷ್ಟೇ ನೆನಪು. ಬಾಗಿಲು ತೆರೆದೇ ಇದ್ದಿರಬೇಕು.

ಅವರ ನಿವೃತ್ತಿಯ ದಿನ ಕಚೇರಿಯಲ್ಲಿ ನನಗೂ ಮಾತಾಡಲು ಹೇಳಿದರು. ಆ ವೇಳೆಗೆ ನಾನು ಕಾಲೇಜಿನಲ್ಲಿ ಪಾಠ ಮಾಡಿ ಮಾತು ಕಲಿತಿದ್ದೆ. ಹಿರಿಯ ವೈದ್ಯರು ಆ ದೃಶ್ಯ ನೋಡಲಾರದೆ ನಾಚಿ ತಲೆ ತಗ್ಗಿಸಿದರು ಎಂದೆ. ಅಕ್ಕ ಹಾರದ ನಡುವಿನಿಂದಲೇ ತಡೆದರು.

“ನೀ ಗೋಡಿ ಕಡೆ ನೋಡತಿದ್ದಿ. ಅವ ತಲಿ ತಗ್ಗಿಸಿದ್ದು ನಿನಗ ಹೆಂಗ ಗೊತ್ತಾತು?” ಸಭೆ ನಕ್ಕಿತು. “ಪೆನ್ನಿನ ಟೊಪ್ಪಿಗಿ ಕೆಳಗ ಬಿದ್ದಿತ್ತು. ಅವ ಅದನ್ನ ಹುಡಕತಿದ್ದ. ನಾನ ಎತ್ತಿ ಕೊಟ್ಟೆ.”

ಅಂದಿನಿಂದ ದಿನಚರಿ ಬರೆಯಲು ಕೂತಾಗಲೆಲ್ಲ ನಾನು ಯಾವ ಕಡೆ ಮುಖ ಮಾಡಿದ್ದೆನೆಂದು ಮೊದಲು ಕೇಳಿಕೊಳ್ಳುತ್ತೇನೆ. ಬರವಣಿಗೆಯಲ್ಲಿ ನನಗೆ ಬೇರೆ ಗುರುಗಳಿಲ್ಲ.

ಅಕ್ಕ ತೀರಿಕೊಂಡ ಸುದ್ದಿ ಫೋನಿನಲ್ಲೇ ಬಂತು. ತಾಯಿ ಮೊದಲೇ ಹೋಗಿದ್ದರು. ನಾನು ಡೊಂಬಿವಲಿ ಮುಟ್ಟುವಾಗ ಮನೆಯ ತುಂಬ ಜನ. ಅವರು ಹೇಗೆ ಹೋದರೆಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಹತ್ತಿರ ಕೂತು ಅವರ ಕೈ ಮಗುಚಿದೆ. ಅಂಗೈ ಹಿಮ್ಮಡಿಯಂತೆಯೇ ಇತ್ತು. ಇದು ಕೇಳಿದ್ದಲ್ಲ, ಮುಟ್ಟಿ ನೋಡಿದ್ದು.