ಟೇಲರ್ ಮಾಸ್ಟರ ನಾಲ್ಕು ಇಂಚು

ಟೇಲರ್ ಮಾಸ್ಟರಿಗೆ ಮೂವತ್ತೊಂದನೆಯ ವಯಸ್ಸಿನಲ್ಲಿ ಲೂಪಸ್ ಬಂತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಅವರಲ್ಲಿ ಅದು ಮೂತ್ರಪಿಂಡಕ್ಕೆ ಕೈ ಹಾಕಿತ್ತು.

"ಗುಳಿಗೆ ಬಿಡಬೇಡಿ. ಮೂರು ತಿಂಗಳಿಗೊಂದು ಸಲ ಮೂತ್ರ ಪರೀಕ್ಷೆ ಮಾಡಿಸಿ. ಕಿಡ್ನಿ ಉಳಿಯುತ್ತೆ," ಎಂದಿದ್ದರು ಡಾಕ್ಟರಮ್ಮ.

ಒಂಬತ್ತು ವರ್ಷ ಉಳಿಯಿತು. ಮಗಳು ಹುಟ್ಟಿ ಶಾಲೆಗೆ ಸೇರಿದಳು. ಅಂಗಡಿಗೆ ಎರಡನೆಯ ಮೆಷಿನ್ನು ಬಂತು. ಕಾಯಿಲೆ ಮರೆತೇ ಹೋಯಿತು. ಗುಳಿಗೆಯೂ.

ಮಾಸ್ಟರದು ಕಡ್ಡಿಯಂಥ ಮೈ. "ನಿಮ್ಮ ಪ್ಯಾಂಟಿಗೆ ಒಂದು ಕರ್ಚೀಫು ಸಾಕಲ್ವಾ?" ಎಂದು ಗಿರಾಕಿಗಳು ರೇಗಿಸುತ್ತಿದ್ದರು. ನಲವತ್ತು ತುಂಬಿದ ವರ್ಷ ಮಾತ್ರ ಪ್ಯಾಂಟು ಬಿಗಿಯಾಯಿತು. ಸೊಂಟಕ್ಕೆ ಟೇಪು ಸುತ್ತಿದರು. ಇಪ್ಪತ್ತೊಂಬತ್ತು ಇದ್ದದ್ದು ಮೂವತ್ತೊಂದು.

"ನೋಡೇ, ಕೊನೆಗೂ ನಿನ್ನ ಅಡುಗೆ ಮೈಗೆ ಹತ್ತಿತು."

"ಅದಕ್ಕೆ ಇಷ್ಟು ವರ್ಷ ಬೇಕಾಯ್ತಾ ನಿಮಗೆ?" ಎಂದಳು ಹೆಂಡತಿ. ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

ಮುಂದೆ ದಪ್ಪಗಾದರೆ ಬೇಕಾಗುತ್ತದೆಂದು ಹೊಲಿಯುವವರು ಪ್ಯಾಂಟಿನ ಒಳಗೆ ಒಂದಿಷ್ಟು ಬಟ್ಟೆ ಮಡಚಿ ಬಿಟ್ಟಿರುತ್ತಾರೆ. ಮಾಸ್ಟರು ಅದನ್ನು ಬಿಚ್ಚಿ ಹೊಲಿದುಕೊಂಡರು. ಮುಂದಿನ ತಿಂಗಳು ಮತ್ತೆ ಬಿಚ್ಚಿದರು. ಬೇರೆಯವರಾಗಿದ್ದರೆ ಪ್ಯಾಂಟು ಸೊಂಟಕ್ಕೆ ಏರದೆ ಯೋಚನೆಗೆ ಬೀಳುತ್ತಿದ್ದರು. ಇವರಿಗೆ ಅದು ಹತ್ತು ನಿಮಿಷದ ಕೆಲಸ. ಕಾಲು ಚಪ್ಪಲಿಗೆ ಹೋಗದೇ ಇದ್ದಾಗಲೇ ಆಸ್ಪತ್ರೆಗೆ ಹೋದದ್ದು.

ಡಾಕ್ಟರಮ್ಮ ಕಣಕಾಲನ್ನು ಬೆರಳಿನಿಂದ ಒತ್ತಿದರು. ಬಿದ್ದ ಕುಳಿ ಹಾಗೇ ನಿಂತಿತು.

"ಇದು ಮಾಂಸ ಅಲ್ಲ ಮಾಸ್ಟ್ರೇ, ನೀರು. ಎಷ್ಟು ದಿನದಿಂದ?"

"ನಾಲ್ಕು ಇಂಚಿನಿಂದ," ಎಂದರು ಮಾಸ್ಟರು.

ಗುಳಿಗೆ ಮತ್ತೆ ಶುರುವಾಯಿತು. ಊತ ಇಳಿಯಿತು. ಕೆಟ್ಟ ಮೂತ್ರಪಿಂಡ ಮಾತ್ರ ಸುಧಾರಿಸಲಿಲ್ಲ. ಎರಡು ವರ್ಷಕ್ಕೆ ಡಯಾಲಿಸಿಸ್ ಬಂತು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ.

ಒಂದು ದಿನ ಮಂಚದ ಪಕ್ಕ ಕೂತು ಹೆಂಡತಿ ಹೇಳಿದಳು, "ಗುಳಿಗೆ ತಗೊಂಡ್ರಾ ಅಂತ ನಾನಾದ್ರೂ ಕೇಳಬೇಕಿತ್ತು. ದಪ್ಪ ಆದ್ರು ಅಂತ ಬೀದಿಗೆಲ್ಲ ಸಾರಿದೆ. ತಪ್ಪು ಪೂರ್ತಿ ನನ್ನದೇ."

"ನೀನು ಸಾರಿದೆ, ನಾನು ಹೊಲಿಗೆ ಬಿಚ್ಚಿದೆ. ಅರ್ಧ ಅರ್ಧ."

"ಅರ್ಧ ಎಲ್ಲಿಂದ ಬಂತು?"

"ಸುಮ್ನಿರೇ, ನರ್ಸಮ್ಮ ಬೈತಾರೆ."

ನಾಲ್ಕು ವರ್ಷ ಅದೇ ಜಗಳ. ಅವರು ಅರ್ಧ ಎನ್ನುವುದು, ಈಕೆ ಪೂರ್ತಿ ಎನ್ನುವುದು. ನಲವತ್ತಾರಕ್ಕೆ ಮಾಸ್ಟರು ಹೋದರು. ಅರ್ಧ ಎನ್ನುವವರು ಈಗ ಇಲ್ಲ.