ಕೊನೆಯ ಬಕೆಟ್ ಬಿಸಿನೀರು

ಗೋಪಾಳದ ನಮ್ಮ ಮನೆಯಲ್ಲಿ ಬಿಸಿನೀರೆಂದರೆ ಬಚ್ಚಲ ಒಲೆಯ ಮೇಲೆ ಕೂತ ತಾಮ್ರದ ಹಂಡೆ. ಅಜ್ಜಿ ಸಂಸಾರ ಹೂಡಿದಾಗ ಬಂದದ್ದು. ಬೆಳಿಗ್ಗೆ ಐದಕ್ಕೆ ಅಮ್ಮ ಎದ್ದು ತೆಂಗಿನ ಗರಿ, ಅಡಿಕೆ ಸಿಪ್ಪೆ ತುರುಕಿ ಬೆಂಕಿ ಹಚ್ಚುತ್ತಿದ್ದಳು. ಹೊಗೆ ಕಿಟಕಿಯಿಂದ ಹೊರಗೆ ಹೋಗುವುದಕ್ಕಿಂತ ಒಳಗೆ ನುಗ್ಗುವುದೇ ಹೆಚ್ಚು. ಮಳೆಗಾಲ ಮುಗಿದರೂ ಅವಳ ಕೆಮ್ಮು ನಿಲ್ಲಲಿಲ್ಲ. ಡಾಕ್ಟರು ಔಷಧಿ ಬರೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಮನೇಲಿ ಸೌದೆ ಒಲೆ ಇದೆಯಾ?" ಒಲೆ ಬಿಡದಿದ್ದರೆ ಈ ಔಷಧಿಯೆಲ್ಲ ದಂಡ, ಶ್ವಾಸಕೋಶ ಇನ್ನೂ ಹಾಳಾಗುತ್ತದೆ ಎಂದರು.

ನನಗೆ ಎಲ್ಲವನ್ನೂ ಎಣಿಸಿ ಡೈರಿಯಲ್ಲಿ ಬರೆದಿಡುವ ಅಭ್ಯಾಸ. ಸೋಲಾರ್ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಕರೆಂಟಿನ ಗೀಸರ್ ಕೊಳ್ಳುವುದಾದರೂ ಎಷ್ಟು ದೊಡ್ಡದು ಬೇಕೆಂದು ತಿಳಿಯಬೇಕಲ್ಲ. ಅದಕ್ಕೆ ಹತ್ತು ದಿನ, ಸ್ನಾನಕ್ಕೆ ಯಾರು ಎಷ್ಟು ಬಕೆಟ್ ಬಳಸುತ್ತಾರೆಂದು ಗೆರೆ ಎಳೆದೆ. ಅಪ್ಪನಿಗೆ ಎರಡು, ಅಜ್ಜಿಗೆ ಎರಡು, ನನಗೆ ಎರಡು, ಅಮ್ಮನಿಗೆ ಒಂದು. ಹತ್ತೂ ದಿನ ಅಷ್ಟೇ. ಪಕ್ಕದಲ್ಲಿ ಅಮ್ಮನ ಕೆಮ್ಮಿಗೂ ಒಂದು ಸಾಲು ಬರೆದೆ.

ಅಪ್ಪನ ಜೊತೆ ಕಾರ್ಖಾನೆಯಲ್ಲಿ ದುಡಿದವರೊಬ್ಬರು ಭದ್ರಾವತಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾರೆ. ನನ್ನ ಕೆಲಸವೂ ಭದ್ರಾವತಿಯಲ್ಲೇ. ಒಂದು ಸಂಜೆ ಡೈರಿ ಹಿಡಿದು ಅಲ್ಲಿಗೆ ಹೋದೆ. ಅವರು ಕನ್ನಡಕ ಏರಿಸಿ ಪುಟ ನೋಡಿದರು.

"ನೀರಿಗೂ ಹಾಜರಿ ಪುಸ್ತಕ ಇಟ್ಟಿದೀಯಲ್ಲ ಮಾರಾಯ್ತಿ. ನಾಲ್ಕು ಜನಕ್ಕೆ ದೊಡ್ಡದೇ ತಗೊಂಡು ಹೋಗು."

"ಏಳೇ ಬಕೆಟ್ ಅಂಕಲ್. ಚಿಕ್ಕದು ಸಾಕು."

"ನಿನ್ನ ಲೆಕ್ಕ, ನಿನ್ನ ಇಷ್ಟ," ಎಂದು ಒಂದು ಬದಿ ನೆಗ್ಗಿದ್ದ ಚಿಕ್ಕ ಗೀಸರನ್ನು ಕಡಿಮೆ ಬೆಲೆಗೆ ಕೊಟ್ಟರು. ಮುಂದಿನ ಭಾನುವಾರ ತಾವೇ ಬಂದು ಕೂರಿಸಿದರು.

ಬೆಳಗಿನ ಕೆಮ್ಮು ಮೂರೇ ದಿನದಲ್ಲಿ ಕಡಿಮೆಯಾಯಿತು. ಆದರೆ ಸಂಜೆ ನಾನು ಮನೆಗೆ ಬರುವಾಗ ಅಮ್ಮ ಮೊದಲಿಗಿಂತ ಹೆಚ್ಚು ಕೆಮ್ಮುತ್ತಿದ್ದಳು. ಡೈರಿಯಲ್ಲಿ ಅದನ್ನು ಬರೆದು ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಔಷಧಿ ಬದಲಿಸಬೇಕೇನೋ ಎಂದುಕೊಂಡೆ.

ಎಂಟನೇ ದಿನ ಬಸ್ ಸ್ಟಾಪಿನವರೆಗೆ ಹೋದವಳು ಊಟದ ಡಬ್ಬಿ ಮರೆತು ವಾಪಸ್ ಬಂದೆ. ಬಚ್ಚಲ ಕಿಟಕಿಯಿಂದ ಹೊಗೆ ಬರುತ್ತಿತ್ತು. ಒಳಗೆ ಅಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ನನ್ನನ್ನು ಕಂಡು ಊದುಕೊಳವೆಯನ್ನು ಸೆರಗಿನ ಮರೆಗೆ ಸರಿಸಿದಳು.

"ಏನಮ್ಮಾ ಇದು? ಗೀಸರ್ ಇದೆಯಲ್ಲ."

"ಇದೆ. ನಿಮ್ಮ ಮೂರು ಜನದ ಸ್ನಾನ ಆಗೋಷ್ಟರಲ್ಲಿ ಅದ್ರಲ್ಲಿ ಉಗುರುಬೆಚ್ಚಗೂ ಇರಲ್ಲ."

"ಇನ್ನೊಂದ್ಸಲ ಕಾಯಿಸ್ಕೋಬಹುದಿತ್ತು."

"ಕರೆಂಟ್ ಬಿಲ್ ಜಾಸ್ತಿ ಬಂದ್ರೆ ಅದನ್ನೂ ಬರ್ಕೋತೀಯ ನೀನು."

ನನಗೆ ನಗು ಬರಲಿಲ್ಲ. "ನೀನು ಸ್ನಾನ ಮಾಡ್ತಿದ್ದದ್ದೇ ಒಂದು ಬಕೆಟ್ ಅಲ್ವಾ?"

"ಒಂದೇ ಉಳೀತಿತ್ತು ಕಣೇ. ಅದಕ್ಕೆ ಒಂದು."

ಬಟ್ಟೆ ಒಗೆದು, ಬಚ್ಚಲು ತೊಳೆದು, ಎಲ್ಲರಿಗಿಂತ ಕೊನೆಗೆ ಸ್ನಾನ ಮಾಡುವುದು ಅವಳ ಪದ್ಧತಿ. ನಾನು ಹುಟ್ಟಿದಾಗಿನಿಂದ ನೋಡಿದ್ದೆ, ಹತ್ತು ದಿನ ಬಾಗಿಲ ಬಳಿ ನಿಂತು ಎಣಿಸಿದ್ದೆ. ಉಳಿದದ್ದನ್ನು ಬೇಕಾದದ್ದೆಂದು ಬರೆದುಕೊಂಡಿದ್ದೆ. ಹಂಡೆಯ ಕೆಳಗೆ ಕೆಂಡ ಇರುತ್ತಿದ್ದರಿಂದ ಆ ಕೊನೆಯ ಬಕೆಟ್ ಬಿಸಿಯಾಗಾದರೂ ಇರುತ್ತಿತ್ತು. ನಾನು ತಂದ ಗೀಸರ್ ಅದನ್ನೂ ತಣ್ಣಗೆ ಮಾಡಿತ್ತು.

ಅಂದು ಸಂಜೆ ಮನೆಯಲ್ಲಿ ಎಲ್ಲರೆದುರು ಹೇಳಿದೆ. ದೊಡ್ಡ ಗೀಸರಿಗೆ ಹಣವಿರಲಿಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತದೆ ಅಮ್ಮನಿಗೆ ಹೇಳಿದರು: "ನಾಳೆಯಿಂದ ಮೊದಲು ನಿನ್ನ ಸ್ನಾನ. ನನಗೇನು ಆಫೀಸಿದೆಯಾ? ಹತ್ತು ಗಂಟೆಗೆ ಮಾಡ್ತೀನಿ."

"ಪೂಜೆ ಆಗದೆ ನೀವು ತಿಂಡಿ ಮುಟ್ಟಲ್ಲ ಅತ್ತೆ. ಅಷ್ಟೊತ್ತು ಹಸ್ಕೊಂಡಿರ್ತೀರಾ?"

"ನೀನು ಇಷ್ಟು ವರ್ಷ ಯಾವಾಗ ತಿಂದೆ ಅಂತ ನಾನು ಕೇಳಿದ್ನಾ?"

ಅದು ಬೈಗುಳವೋ ತಪ್ಪೊಪ್ಪಿಗೆಯೋ ನನಗೆ ಈಗಲೂ ಗೊತ್ತಿಲ್ಲ. ಅಮ್ಮ ಕಾಳು ಆರಿಸುತ್ತಾ, "ಸ್ನಾನ ಮಾಡಿ ಆಮೇಲೆ ಬಟ್ಟೆ ಒಗೆದ್ರೆ ಮೈಯೆಲ್ಲ ಮತ್ತೆ ಸೋಪು," ಎಂದಳು.

"ಬಟ್ಟೆ ನಾನು ಒಗೀತೀನಿ," ಎಂದರು ಅಪ್ಪ.

"ನೀವು ಒಗೆದ ಬಟ್ಟೆ ನಾನು ನೋಡಿದೀನಿ ಬಿಡಿ."

ಕೊನೆಗೆ ಒಗೆಯುವುದು ನನಗೂ ಅಪ್ಪನಿಗೂ ದಿನ ಬಿಟ್ಟು ದಿನ ಎಂದಾಯಿತು. ಹಂಡೆಯನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿ ಅಟ್ಟಕ್ಕೆ ಹಾಕಿದೆವು. ಮಾರಲು ಅಜ್ಜಿ ಒಪ್ಪಲಿಲ್ಲ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬಕ್ಕೆ ಮಾಲೆ ಕಟ್ಟಿ ಪೂಜೆ ಮಾಡಲು ಹಂಡೆ ಬೇಕು, ಗೋಡೆಗೆ ನೇತುಹಾಕಿದ ಆ ಡಬ್ಬಕ್ಕೆ ತಾನು ಅರಿಶಿನ ಹಚ್ಚುವುದಿಲ್ಲ ಎಂದರು.

ಮೊದಲ ದಿನ ಅಮ್ಮ ಬಚ್ಚಲಿಗೆ ಹೋದವಳು ಬೇಗ ಬರಲಿಲ್ಲ. ನಾನು ಹೊರಗೆ ಡೈರಿ ಹಿಡಿದು, ನಲ್ಲಿಯ ಸದ್ದು ಕೇಳಿ ಗೆರೆ ಎಳೆಯುತ್ತಿದ್ದೆ. ಅವಳು ತಲೆಗೆ ಟವೆಲ್ ಸುತ್ತಿಕೊಂಡು ಬಂದು ಪುಟ ಇಣುಕಿದಳು.

"ಎರಡಲ್ಲ," ಎಂದಳು. "ಎರಡೂವರೆ."