ಹೈಕೋರ್ಟಿಗೆ ಒಂದೇ ಬುತ್ತಿ

ಹೈಕೋರ್ಟನ್ನು ಯಾರಾದರೂ ಹೊಗಳಿದರೆ ನನಗೆ ಇಂದಿಗೂ ಮೈಯುರಿಯುತ್ತದೆ. ಅದು ನಮಗೇನೂ ಅನ್ಯಾಯ ಮಾಡಲಿಲ್ಲ. ನಾವು ಗೆದ್ದೆವು. ಉರಿ ಇರುವುದೇ ಅಲ್ಲಿ.

ಅಮೃತೂರಿನ ನಮ್ಮ ತೋಟಕ್ಕೂ ಚಿಕ್ಕಪ್ಪನ ತೋಟಕ್ಕೂ ನಡುವೆ ಒಂದು ಸಾಲು ತೆಂಗು. ಅದು ಯಾರದೆಂದು ಅಣ್ಣತಮ್ಮಂದಿರಿಗೆ ಮಾತು ನಿಂತು, ಎಪ್ಪತ್ತರ ದಶಕದಲ್ಲಿ ದಾವೆ ಶುರುವಾಯಿತು. ಕುಣಿಗಲ್ ಮುನ್ಸೀಫರು ಅಪ್ಪನದೆಂದರು. ತುಮಕೂರಿನ ಜಿಲ್ಲಾ ಕೋರ್ಟು ಚಿಕ್ಕಪ್ಪನದೆಂದಿತು. ಅಪ್ಪ ಮೀಸೆ ತಿರುವಿಕೊಂಡು ಹೈಕೋರ್ಟಿಗೆ ಹೋದರು.

ಮಹಾರಾಜರ ಕಾಲದಲ್ಲಿ ಅದಕ್ಕೆ ಚೀಫ್ ಕೋರ್ಟ್ ಎಂಬ ಹೆಸರಿತ್ತಂತೆ. ಆಮೇಲೆ ಹೈಕೋರ್ಟಾಯಿತು, ರಾಜ್ಯ ಬೆಳೆದಂತೆ ಅದರ ಸರಹದ್ದೂ ಬೆಳೆಯಿತು. ಅಷ್ಟು ದೊಡ್ಡ ಕೋರ್ಟು ಎರಡನೇ ಅಪೀಲಿನಲ್ಲಿ ಮರ ನೆಟ್ಟವರು ಯಾರೆಂದು ಕೇಳುವುದಿಲ್ಲ; ಕೆಳಗಿನವರು ಕಾನೂನನ್ನು ಸರಿಯಾಗಿ ಓದಿದ್ದಾರೆಯೇ ಎಂದಷ್ಟೇ ನೋಡುತ್ತದೆ. ನೆಟ್ಟವಳು ನಮ್ಮಜ್ಜಿ. ಅವಳನ್ನು ಮನೆಯಲ್ಲೂ ಯಾರೂ ಕೇಳಿರಲಿಲ್ಲ.

“ನೀವು ಬರೋದೇನೂ ಬೇಡ, ನಾನಿದೀನಲ್ಲ” ಎಂದು ವಕೀಲರು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ. ಮುನ್ಸೀಫ್ ಕೋರ್ಟಿನಂತೆ ಅಲ್ಲೂ ಹೆಸರು ಕೂಗುತ್ತಾರೆ, ಓ ಅನ್ನದಿದ್ದರೆ ಕೇಸು ಹೋಯಿತು ಎಂದೇ ಅವರ ನಂಬಿಕೆ. ಅಪ್ಪ ಹೋಗುತ್ತಾರೆಂದು ಚಿಕ್ಕಪ್ಪನೂ ಹೊರಡುತ್ತಿದ್ದರು. ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಅಜ್ಜಿ ಕಟ್ಟುತ್ತಿದ್ದದ್ದೂ ಒಂದೇ ಬುತ್ತಿ.

“ಎಲ್ಡೆಲ್ಡು ಕಟ್ಟಕ್ಕೆ ನನ್ ಕೈಲಾಗಕಿಲ್ಲ. ಹಂಚ್ಕೊಂಡ್ ತಿನ್ರಲಾ, ಇಲ್ದಿದ್ರೆ ಉಪಾಸ ಇರ್ರಿ.”

ಗುಬ್ಬಿಯಲ್ಲಿ ಮೇಷ್ಟರಾಗಿದ್ದ ನಾನು ರಜೆ ಹಾಕಿ ಒಮ್ಮೆ ಜೊತೆಗೆ ಹೋಗಿದ್ದೆ. ನಗಬೇಡಿ, ವಾದಿ ಪ್ರತಿವಾದಿ ಇಬ್ಬರೂ ಕಬ್ಬನ್ ಪಾರ್ಕಿನ ಮರದಡಿ ಕೂತು, ಒಂದೇ ಗಂಟು ಬಿಚ್ಚಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿಕೊಂಡು ರಾಗಿರೊಟ್ಟಿ ತಿಂದರು. ಚಿಕ್ಕಪ್ಪನಿಗೆ ಬಿಕ್ಕಳಿಕೆ ಬಂತು. ಅಪ್ಪ ಮುಖ ತಿರುಗಿಸದೆಯೇ ನೀರಿನ ಚೊಂಬನ್ನು ಅತ್ತ ಸರಿಸಿದರು. ಊರಿಗೆ ಬಂದು ಇದನ್ನು ಹೇಳಿದಾಗ ಅಜ್ಜಿ ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಂಡಳು. ಮರ ಯಾರಿಗಾದರೂ ಹೋಗಲಿ, ಮಕ್ಕಳು ಒಂದಾದರೆ ಅವಳಿಗೆ ಸಾಕಿತ್ತು.

ಎಂಬತ್ತರ ದಶಕದಲ್ಲಿ ತೀರ್ಪು ಬಂತು. ಅಪ್ಪ ಗೆದ್ದರು. ಚಿಕ್ಕಪ್ಪ ಬೇರೆ ಬಸ್ಸು ಹಿಡಿದು ಬಂದವರು, ಎರಡು ಮನೆಗಳ ನಡುವಿನ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿಬಿಟ್ಟರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನ್ಯಾಯ ತಡವಾಗುತ್ತದೆಂದು ಎಲ್ಲರೂ ಬೈಯುತ್ತಾರೆ. ನನಗೋ, ನಮ್ಮದು ಇಷ್ಟು ಬೇಗ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು.

ಅಜ್ಜಿ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು. “ಏನ್ಲಾ, ಇದ್ಕೂ ಮ್ಯಾಲೊಂದು ಕೋರ್ಟ್ ಐತಾ?”

“ಐತಜ್ಜಿ, ಡೆಲ್ಲೀಲಿ. ರೈಲಲ್ಲಿ ಎಲ್ಡ್ ದಿನ ಕೂತ್ಕಬೇಕು.”

ಅವಳ ಮುಖ ಅರಳಿತು.

“ಅಂಗಾರೆ ನಿನ್ ಚಿಕ್ಕಪ್ಪಂಗೆ ಹೇಳ್ಲಾ, ಸುಮ್ಕೆ ಸೋಲೊಪ್ಕೋಬ್ಯಾಡ ಅಂತ.”